ಸಂಸ್ಥೆ ಮುಚ್ಚಬೇಕಾ, ನಡೆಸಬೇಕಾ? ಒಂಬತ್ತು ಸಂಜೆ ಶಾಲೆಗಳ ಲೆಕ್ಕ

ಪ್ರಶ್ನೆ: ನಾವು ಲಿಂಗಸುಗೂರು ತಾಲೂಕಿನಲ್ಲಿ 16 ವರ್ಷಗಳಿಂದ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದೇವೆ. ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ 9 ಹಳ್ಳಿ, ತಾಂಡಾಗಳಲ್ಲಿ ಸಂಜೆ ಪಾಠ ಹೇಳುತ್ತೇವೆ. ಸುಮಾರು 225 ಮಕ್ಕಳು ಬರುತ್ತಾರೆ. ಮೊದಲು ಬೆಂಗಳೂರಿನ ಒಂದು ದೊಡ್ಡ ಸಂಸ್ಥೆ ವಿದೇಶದಿಂದ ಬಂದ ದೇಣಿಗೆಯಲ್ಲಿ ನಮಗೂ ಪಾಲು ಕೊಡುತ್ತಿತ್ತು. 2020ರ ಕೊನೆಗೆ ಅದು ನಿಂತಿತು. ವಿದೇಶಿ ದೇಣಿಗೆ ಪಡೆಯಲು ಬೇಕಾದ ನಮ್ಮ ಎಫ್‌ಸಿಆರ್‌ಎ ನೋಂದಣಿಯ ಅವಧಿಯೂ ಮುಗಿದುಹೋಯಿತು. ಈಗ ಒಂದು ಕಂಪನಿಯವರು ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣ) ಕೊಡಲು ಮನಸ್ಸು ಮಾಡಿದ್ದಾರೆ, ಆದರೆ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಮತ್ತು ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳ ಸಿಎಸ್‌ಆರ್-1 ನೋಂದಣಿ ಕೇಳುತ್ತಿದ್ದಾರೆ. 12ಎ, 80ಜಿ ಎರಡನ್ನೂ ನವೀಕರಣ ಮಾಡಿಸಿಲ್ಲ ಎಂದು ಆಡಿಟರ್ ಹೇಳುತ್ತಾರೆ. ಹಳೆಯ ಅಧ್ಯಕ್ಷರು ತೀರಿಕೊಂಡಿದ್ದಾರೆ. ಶಿಕ್ಷಕಿಯರಿಗೆ ನಾಲ್ಕು ತಿಂಗಳ ಪಗಾರ ಬಾಕಿ ಇದೆ. ಜನ ಮೊದಲಿನ ಹಾಗೆ ಕೊಡುವುದಿಲ್ಲ. ಸಂಸ್ಥೆ ಮುಚ್ಚುವುದೇ ಒಳ್ಳೆಯದಾ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 'ಜನ ಮೊದಲಿನ ಹಾಗೆ ಕೊಡುವುದಿಲ್ಲ' ಎಂದು ಬರೆದಿದ್ದೀರಿ. ಕೊಪ್ಪಳದ ಗವಿಮಠದ ಜಾತ್ರೆಗೆ ಬಂದು ದಾಸೋಹದ ಕಡೆ ಒಮ್ಮೆ ನೋಡಿ. ಜಾತ್ರೆಗೆ ಎಷ್ಟೋ ದಿನ ಮೊದಲೇ ಹಳ್ಳಿಹಳ್ಳಿಯಲ್ಲಿ ಹೆಣ್ಣುಮಕ್ಕಳು ಕುಳಿತು ಜೋಳದ ರೊಟ್ಟಿ ಬಡಿಯುತ್ತಾರೆ. ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಟ್ರ್ಯಾಕ್ಟರಿನಲ್ಲಿ ಹೇರಿ ಕಳಿಸುತ್ತಾರೆ. ಎರಡು ಎಕರೆ ಒಣಬೇಸಾಯದವರ ಮನೆಯಿಂದಲೂ ರೊಟ್ಟಿ ಬರುತ್ತದೆ. 2019ರಲ್ಲಿ ಅದೇ ಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಹೂಳು ತೆಗೆಸಿದಾಗ ಜನ ದುಡ್ಡು ಕೊಟ್ಟರು, ಕೈಯನ್ನೂ ಜೋಡಿಸಿದರು. ನಮ್ಮ ನೆಲದಲ್ಲಿ ಕೊಡುವ ಗುಣ ಬತ್ತಿಲ್ಲ. ನಿಮ್ಮ ಸಂಸ್ಥೆಯ ಬಾಗಿಲಿಗೆ ಹಣ ಬರುತ್ತಿದ್ದ ದಾರಿ ಬದಲಾಗಿದೆ, ಅಷ್ಟೆ. ಹಳೇ ದಾರಿಯಲ್ಲೇ ಕಾಯುತ್ತಾ ನಿಂತರೆ ಕೊಡುವವರೇ ಇಲ್ಲ ಅನ್ನಿಸುತ್ತದೆ.

ಈ ದಾರಿ ಹೇಗೆ ಬದಲಾಯಿತು ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಅದು ತಿಳಿದರೆ ನಿಮ್ಮ ಮೇಲೆ ನೀವೇ ಹೊರಿಸಿಕೊಂಡ ತಪ್ಪಿನ ಭಾರ ಅರ್ಧ ಇಳಿಯುತ್ತದೆ.

2009ರ ಅಕ್ಟೋಬರ್ ಮೊದಲ ವಾರದ ನೆರೆ ನಿಮಗೂ ನೆನಪಿರಬೇಕು. ಕೃಷ್ಣಾ, ತುಂಗಭದ್ರಾ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. ನಾನು ಆಗ ರಾಯಚೂರು ಕಡೆ ಪರಿಹಾರದ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಲಾರಿಗಟ್ಟಲೆ ಚಾದರ, ಅಕ್ಕಿ, ಪಾತ್ರೆ ಬರುತ್ತಿದ್ದವು. ಯಾರೂ ನೋಂದಣಿ ಸಂಖ್ಯೆ ಕೇಳಲಿಲ್ಲ. 'ಇವರು ನಮಗೆ ಗೊತ್ತಿರುವವರು' ಅನ್ನುವ ಒಂದೇ ಮಾತು ಸಾಕಿತ್ತು. ಆಮೇಲೆ ಸರ್ಕಾರ 'ಆಸರೆ' ಯೋಜನೆಯಲ್ಲಿ ಮನೆ ಕಟ್ಟಿಸಲು ದಾನಿಗಳನ್ನು ಕರೆದಾಗ ಕಂಪನಿಗಳು, ಮಠಗಳು, ಟ್ರಸ್ಟ್‌ಗಳು ಮುಂದೆ ಬಂದವು. ಅಲ್ಲಿ ಒಪ್ಪಂದ, ನಕ್ಷೆ, ಲೆಕ್ಕ ಎಲ್ಲಾ ಬೇಕಾಯಿತು. ಪರಿಚಯದ ಜಾಗಕ್ಕೆ ಕಾಗದ ಬಂದು ಕೂತಿದ್ದನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ.

ಮುಂದೆ ಒಂದರ ಹಿಂದೆ ಒಂದು ಕಾನೂನು ಬಂದವು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಾಯಿತು. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದಿದ್ದರೆ ಆ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. 2021ರ ಏಪ್ರಿಲ್‌ನಿಂದ ಎಲ್ಲಾ ಸಂಸ್ಥೆಗಳೂ ಆದಾಯ ತೆರಿಗೆಯಲ್ಲಿ ಹೊಸದಾಗಿ ನೋಂದಣಿ ಮಾಡಿಸಬೇಕಾಯಿತು. ಸಿಎಸ್‌ಆರ್-1 ಶುರುವಾಗಿದ್ದೂ ಅದೇ ತಿಂಗಳು. ಇದೆಲ್ಲಾ ಆಗುವಾಗ ಕೋವಿಡ್. ನೀವು ಆ ಹೊತ್ತಿನಲ್ಲಿ ಊರಿಗೆ ನಡೆದು ಬಂದವರಿಗೆ ರೇಷನ್ ಕಿಟ್ ಹಂಚುತ್ತಿದ್ದಿರಿ, ಅಲ್ವಾ? ಪೋರ್ಟಲ್ ತೆರೆದು ಫಾರ್ಮ್ ತುಂಬಲು ಯಾರಿಗೆ ಪುರುಸೊತ್ತಿತ್ತು? ನಮ್ಮ ಭಾಗದ ಜಿಲ್ಲೆಗಳಲ್ಲಿ ನಿಮ್ಮ ಹಾಗೆ ಸಿಕ್ಕಿಬಿದ್ದ ಸಣ್ಣ ಸಂಸ್ಥೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೆಲಸ ಮಾಡಿದವರೇ ಕಾಗದದಲ್ಲಿ ಹಿಂದೆ ಬಿದ್ದರು. ನನಗೆ ಈಗಲೂ ಇದು ಸಂಕಟದ ವಿಷಯ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮೊದಲು ವಿದೇಶಿ ಹಣದ ಆಸೆ ಬಿಡಿ. ಬೆಂಗಳೂರಿನವರು ಕೈಬಿಟ್ಟರು ಎಂದು ಬೇಸರ ಮಾಡಿಕೊಳ್ಳಬೇಡಿ. 2020ರ ತಿದ್ದುಪಡಿ ಬಂದ ಮೇಲೆ ಎಫ್‌ಸಿಆರ್‌ಎ ಹಣವನ್ನು ಒಂದು ಸಂಸ್ಥೆ ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೇ ಇಲ್ಲ. ಇಬ್ಬರಿಗೂ ನೋಂದಣಿ ಇದ್ದರೂ ಇಲ್ಲ. ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ದೊಡ್ಡ ಪೆಟ್ಟು ಬಿದ್ದಿದ್ದು ಇಲ್ಲೇ. ಮತ್ತೆ ನೋಂದಣಿ ಮಾಡಿಸಬೇಕಾದರೆ ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯನ್ನು ಮೂಲ ಕೆಲಸಕ್ಕೆ ಖರ್ಚು ಮಾಡಿರಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು, ಆಡಳಿತದ ಖರ್ಚು ಶೇ. 20 ದಾಟಬಾರದು. ನೇರವಾಗಿ ಕೊಡುವ ದಾನಿ ಒಬ್ಬರೂ ಇಲ್ಲದೆ ಇಷ್ಟೆಲ್ಲಾ ಓಡಾಡಿ ಏನು ಮಾಡುತ್ತೀರಿ? ಒಂದು ಮಾತು ಮಾತ್ರ ಜೋಪಾನ. ಹಳೆಯ ಎಫ್‌ಸಿಆರ್‌ಎ ಖಾತೆಯಲ್ಲಿ ಹಣ ಉಳಿದಿದ್ದರೆ ಅದನ್ನು ಮುಟ್ಟಬೇಡಿ. ಅವಧಿ ಮುಗಿದ ಮೇಲೆ ವಿದೇಶಿ ಹಣ ತೆಗೆದುಕೊಳ್ಳುವುದೂ ತಪ್ಪು, ಖರ್ಚು ಮಾಡುವುದೂ ತಪ್ಪು. ಪಗಾರ ಬಾಕಿ ಇದೆ ಎಂದು ಅದರಿಂದ ತೆಗೆದು ಕೊಟ್ಟರೂ ಕಾನೂನು ಕೇಳುವುದಿಲ್ಲ.

ಅಮೆರಿಕದಲ್ಲಿರುವ ನಿಮ್ಮೂರಿನ ಹುಡುಗ ಹಣ ಕಳಿಸುತ್ತೇನೆ ಅಂದರೆ ಒಂದು ಪ್ರಶ್ನೆ ಕೇಳಿ: 'ನಿನ್ನ ಪಾಸ್‌ಪೋರ್ಟ್ ಯಾವ ದೇಶದ್ದು?' ಭಾರತದ್ದೇ ಆಗಿದ್ದು, ತನ್ನ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಹುಟ್ಟಿದ್ದು ಮುದಗಲ್‌ನಲ್ಲೇ ಆಗಿದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ಇಲ್ಲದೆ ತೆಗೆದುಕೊಳ್ಳುವಂತಿಲ್ಲ.

ಇನ್ನು ಕಾಗದಪತ್ರ. ನಿಮ್ಮ ಸಂಸ್ಥೆಯಲ್ಲೂ ಒಂದು ಕಬ್ಬಿಣದ ಟ್ರಂಕು ಇರಬೇಕು. ನಾನು ನೋಡಿದ ಸಂಸ್ಥೆಗಳಲ್ಲೆಲ್ಲಾ ಇರುತ್ತದೆ. ಮೇಲೆ ಸನ್ಮಾನದ ಫೋಟೋ, ಅದರ ಕೆಳಗೆ ತರಬೇತಿಯ ಪ್ರಮಾಣಪತ್ರ, ತಳದಲ್ಲಿ ಸಂಘದ ನೋಂದಣಿ ಪತ್ರ, ಮಡಿಕೆಯ ಗೆರೆಯಲ್ಲಿ ಹರಿದಿರುತ್ತದೆ. ಠರಾವು ಪುಸ್ತಕ ತೆಗೆದರೆ ಕೊನೆಯ ಸಭೆ ಐದು ವರ್ಷದ ಹಿಂದಿನದು. ಈ ಟ್ರಂಕನ್ನು ಒಂದು ಭಾನುವಾರ ಅಂಗಳಕ್ಕೆ ತಂದು ಖಾಲಿ ಮಾಡಿ. ಅಳಬೇಕು ಅನ್ನಿಸಿದರೂ ಪರವಾಗಿಲ್ಲ, ಮಾಡಿ.

ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಸಂಘ ಎಂದು ಭಾವಿಸುತ್ತೇನೆ. ಈ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ಬಾಕಿ ಇದ್ದರೆ ದಂಡ ಕಟ್ಟಿ ಸರಿಪಡಿಸಿಕೊಳ್ಳಿ. ಅಧ್ಯಕ್ಷರು ತೀರಿಕೊಂಡ ಮೇಲೆ ಬ್ಯಾಂಕಿನಲ್ಲಿ ಸಹಿ ಬದಲಾಗಿದೆಯಾ? ಬರೆದಿಲ್ಲ ನೀವು. ಆಗಿಲ್ಲ ಎಂದೇ ನನ್ನ ಊಹೆ. ಹೊಸ ಅಧ್ಯಕ್ಷರನ್ನು ಮನೆಯವರಲ್ಲೇ ಹುಡುಕಬೇಡಿ. ಸಮಿತಿಯಲ್ಲಿ ಗಂಡ, ಮೈದುನ, ತಂಗಿ ಇದ್ದರೆ ಹಣ ಕೊಡುವವರು ಮೊದಲ ಪುಟದಲ್ಲೇ ನಿಲ್ಲುತ್ತಾರೆ. ನಿವೃತ್ತ ಹೆಡ್‌ಮಾಸ್ತರು ಒಬ್ಬರು, ನಿಮ್ಮಲ್ಲೇ ಕಲಿತು ಈಗ ನೌಕರಿಯಲ್ಲಿರುವವರು ಒಬ್ಬರು, ಆ ಹಳ್ಳಿಗಳ ತಾಯಂದಿರು ಇಬ್ಬರು ಬರಲಿ.

12ಎ ಇಲ್ಲದಿದ್ದರೆ ಸಂಸ್ಥೆಗೇ ತೆರಿಗೆ ವಿನಾಯಿತಿ ಇಲ್ಲ. 80ಜಿ ಇಲ್ಲದಿದ್ದರೆ ಕೊಡುವವರಿಗೆ ವಿನಾಯಿತಿ ಇಲ್ಲ. ಹಳೆಯ ಸಂಸ್ಥೆಗಳಿಗೆ ಕೊಟ್ಟ ಗಡುವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 2024ರ ಜೂನ್ 30ಕ್ಕೆ ಮುಗಿಸಿದರು. ಈಗ ಬಾಗಿಲು ಮುಚ್ಚಿಹೋಯಿತು ಎಂದು ನಿಮ್ಮ ಆಡಿಟರ್ ಹೇಳಿರಬಹುದು. ಪೂರ್ತಿ ಮುಚ್ಚಿಲ್ಲ. ತಡಕ್ಕೆ ಸರಿಯಾದ ಕಾರಣವಿದ್ದರೆ 12ಎ ಅರ್ಜಿಯ ತಡವನ್ನು ಮನ್ನಿಸುವ ಅಧಿಕಾರವನ್ನು 2024ರ ಅಕ್ಟೋಬರ್‌ನಿಂದ ತೆರಿಗೆ ಕಮಿಷನರ್‌ಗೆ ಕೊಟ್ಟಿದ್ದಾರೆ. ಕೋವಿಡ್, ಅಧ್ಯಕ್ಷರ ಸಾವು, ಇದನ್ನೆಲ್ಲಾ ದಾಖಲೆ ಇಟ್ಟು ಬರೆಯಿರಿ. 12ಎ ಸರಿಯಾದ ಮೇಲೆ 80ಜಿ. ಇದನ್ನು ಸುಮ್ನೆ ಬಿಡಬೇಡಿ. ಮರುನೋಂದಣಿ ಮಾಡಿಸದ ಸಂಸ್ಥೆಯ ಆಸ್ತಿಯ ಮೇಲೇ ತೆರಿಗೆ ಹಾಕುವ ಅವಕಾಶ ಕಾನೂನಿನಲ್ಲಿದೆ. ಇನ್ನೊಂದು ಒಳ್ಳೆಯ ಸುದ್ದಿ ಇದೆ. ವಾರ್ಷಿಕ ಆದಾಯ 5 ಕೋಟಿಯೊಳಗಿರುವ ಸಂಸ್ಥೆಗಳಿಗೆ 12ಎ ನೋಂದಣಿಯ ಅವಧಿಯನ್ನು 2025ರಲ್ಲಿ 5 ವರ್ಷದಿಂದ 10 ವರ್ಷಕ್ಕೆ ಏರಿಸಿದ್ದಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ ನಂಬರುಗಳು ಅದರಲ್ಲಿ ಬೇರೆ. ನಾವೆಲ್ಲಾ ಬಾಯಿರೂಢಿಯಲ್ಲಿ 12ಎ, 80ಜಿ ಅನ್ನುತ್ತಲೇ ಇರುತ್ತೇವೆ. ಅರ್ಜಿ ತುಂಬುವಾಗ ಹೊಸ ನಂಬರು ಯಾವುದು ಎಂದು ಆಡಿಟರ್‌ನ ಕೇಳಿಕೊಳ್ಳಿ.

ಆಡಿಟರ್ ಬಗ್ಗೆ ಒಂದು ಮಾತು. ಅಂಗಡಿ, ರೈಸ್ ಮಿಲ್ಲಿನ ಲೆಕ್ಕ ನೋಡುವ ಎಲ್ಲರಿಗೂ ಸಂಸ್ಥೆಗಳ ಲೆಕ್ಕ ಗೊತ್ತಿರುವುದಿಲ್ಲ. ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೇ ಖರ್ಚು ಮಾಡಬೇಕು ಅನ್ನುವುದನ್ನೇ ಹೇಳದ ಆಡಿಟರ್‌ಗಳನ್ನು ನಾನು ಕಂಡಿದ್ದೇನೆ. ರಾಯಚೂರು, ಹೊಸಪೇಟೆ, ಹುಬ್ಬಳ್ಳಿ ಎಲ್ಲಾದರೂ ಸರಿ, ಹತ್ತಾರು ಸಂಸ್ಥೆಗಳ ಲೆಕ್ಕ ನೋಡಿದವರನ್ನೇ ಹಿಡಿಯಿರಿ.

ಆ ಕಂಪನಿಯ ವಿಷಯ. ಸಿಎಸ್‌ಆರ್-1ಕ್ಕೆ 12ಎ, 80ಜಿ ಎರಡೂ ಬೇಕು, ಮೂರು ವರ್ಷ ಕೆಲಸ ಮಾಡಿದ ಅನುಭವವೂ ಬೇಕು. ಅನುಭವ ನಿಮಗೆ ಬೇಕಾದಷ್ಟಿದೆ. ಕಾಗದ ಸರಿಯಾಗಲು ತಿಂಗಳುಗಳು ಹಿಡಿಯುತ್ತವೆ ಎಂದು ಅವರಿಗೆ ಈಗಲೇ ನೇರವಾಗಿ ಹೇಳಿಬಿಡಿ. ನಿಜ ಹೇಳಿದ್ದಕ್ಕೆ ಹೊರಟುಹೋದ ದಾನಿಗಳಿಗಿಂತ, ಸುಳ್ಳು ಸಿಕ್ಕಿಬಿದ್ದು ಕಳೆದುಕೊಂಡ ದಾನಿಗಳೇ ಜಾಸ್ತಿ.

ಮಾತುಕತೆಗೆ ಕೂತಾಗ ಅವರು 'ಸಿಎಸ್‌ಆರ್ ಹಣದಲ್ಲಿ ಪಗಾರಕ್ಕೆ ಶೇ. 5 ಮಾತ್ರ' ಅನ್ನಬಹುದು. ಇದು ತಪ್ಪು ತಿಳುವಳಿಕೆ. ಆ ಶೇ. 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಹಳ್ಳಿಯಲ್ಲಿ ಪಾಠ ಹೇಳುವ ಶಿಕ್ಷಕಿಯ ಪಗಾರ ಯೋಜನೆಯ ಖರ್ಚು. ಅದಕ್ಕೆ ಆ ಮಿತಿ ಇಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯವೇ ಇದನ್ನು ಸ್ಪಷ್ಟ ಮಾಡಿದೆ. ಧೈರ್ಯವಾಗಿ ಹೇಳಿ. ಒಂದು ವರ್ಷಕ್ಕೆ ಮಾತ್ರ ಕೇಳಬೇಡಿ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ನಡೆಯುವ ಯೋಜನೆಗೆ ಹಣ ಕೊಡಲು ನಿಯಮದಲ್ಲೇ ಅವಕಾಶವಿದೆ.

ಈ ಪಗಾರದ ವಿಷಯ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನೇ ಒಮ್ಮೆ ಸುಟ್ಟುಕೊಂಡಿದ್ದೇನೆ. ನಾನು ಕಾರ್ಯದರ್ಶಿಯಾಗಿದ್ದ ಕೊಪ್ಪಳದ ಒಂದು ಸಂಸ್ಥೆಗೆ ಒಂದು ಕಂಪನಿ ಹಣ ಕೊಟ್ಟಿತು. ಸ್ಕೂಲ್ ಬ್ಯಾಗಿಗೆ ಹಣ, ನೀಲಿ ಚಾಪೆಗೆ ಹಣ, ಗೋಡೆಗೆ ಬಣ್ಣ, ಬಾಗಿಲ ಮೇಲೆ ಬೋರ್ಡು. ಶಿಕ್ಷಕಿಗೆ ಮಾತ್ರ ಇಲ್ಲ. 'ಅದು ನಿಮ್ಮ ಕೊಡುಗೆ' ಅಂದರು. ನಾನು ಮಾತಾಡದೆ ಸಹಿ ಹಾಕಿದೆ. ಆರು ತಿಂಗಳಿಗೆ ಶಿಕ್ಷಕಿ ಬೆಂಗಳೂರಿಗೆ ಗಾರ್ಮೆಂಟ್ ಕೆಲಸಕ್ಕೆ ಹೋದಳು. ಒಂದು ಸಂಜೆ ನಾನು ಹೋದಾಗ ಬೋರ್ಡು ಹೊಳೆಯುತ್ತಿತ್ತು. ಒಳಗೆ ಚಾಪೆ ಸುತ್ತಿಟ್ಟಿದ್ದರು. ಹೊಸ ಬ್ಯಾಗ್ ಹಾಕಿಕೊಂಡ ಮೂರು ಮಕ್ಕಳು ಕಟ್ಟೆಯ ಮೇಲೆ ಕೂತು, 'ಅಕ್ಕಾರು ಯಾವಾಗ ಬರ್ತಾರ್ರೀ?' ಎಂದು ಕೇಳಿದರು. ಆ ಸಹಿ ನಾನು ಹಾಕಬಾರದಿತ್ತು.

ಇನ್ನೂ ಒಂದು ಎಚ್ಚರಿಕೆ. 'ಸಿಎಸ್‌ಆರ್ ಹಣ ಕೊಡಿಸುತ್ತೇವೆ, ಇಷ್ಟು ಪರ್ಸೆಂಟ್ ನಗದು ವಾಪಸ್ ಕೊಡಿ' ಎಂದು ಫೋನ್ ಬರುತ್ತದೆ. ಒಪ್ಪಬೇಡಿ, ಎಷ್ಟೇ ಕಷ್ಟ ಇರಲಿ. ಒಮ್ಮೆ ಸುಳ್ಳು ಬಿಲ್ ಬರೆದರೆ ನಿಮ್ಮ 16 ವರ್ಷದ ಕೆಲಸ ಅವರ ಕೈಗೆ ಹೋಗುತ್ತದೆ.

ಕಂಪನಿ ಹಣದ ಮೇಲೆ ಪೂರ್ತಿ ನಿಲ್ಲಬೇಡಿ. ಅದಕ್ಕೆ ಕಾರಣವಿದೆ. ಕಂಪನಿಗಳು ತಮ್ಮ ಸುತ್ತಮುತ್ತಲಿನ ಊರಿಗೆ ಆದ್ಯತೆ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಹಾಗಾಗಿ ತೋರಣಗಲ್ಲು, ದೋಣಿಮಲೈ, ಗಿಣಿಗೇರಾ ಸುತ್ತ ಹಣ ಓಡಾಡುತ್ತದೆ. ಕಾರ್ಖಾನೆ ಇಲ್ಲದ ತಾಲೂಕುಗಳಿಗೆ ತಲುಪುವುದು ಕಡಿಮೆ. ನಿಮ್ಮ ತಾಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ, ರಾಯಚೂರು ಹತ್ತಿರದ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಕೇಂದ್ರವಿದೆ. ಎರಡೂ ಕಡೆ ಅರ್ಜಿ ಕೊಡಿ. ಬಳ್ಳಾರಿ, ಸಂಡೂರು ಕಡೆಯ ಓದುಗರಿಗೆ ಇಲ್ಲೇ ಹೇಳಿಬಿಡುತ್ತೇನೆ: ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಸಿಎಸ್‌ಆರ್ ಜೊತೆ ಕಲೆಸಬೇಡಿ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಆ ಹಣ ಯಾರ ದಾನವೂ ಅಲ್ಲ. ಗಣಿಯ ಧೂಳು ಕುಡಿದ ಊರುಗಳಿಗೆ ಸೇರಬೇಕಾದ ಹಣ. ಅದನ್ನು ಕೇಳುವ ಜಾಗ ಗ್ರಾಮಸಭೆ ಮತ್ತು ಜಿಲ್ಲಾಧಿಕಾರಿ ಕಚೇರಿ.

ಈಗ ನಿಮ್ಮ ಲೆಕ್ಕ. ಪತ್ರದಲ್ಲಿ ನೀವು ಎಷ್ಟು ಖರ್ಚಾಗುತ್ತದೆ ಎಂದು ಬರೆದಿಲ್ಲ. ನಾನೇ ಒಂದು ಅಂದಾಜು ಹಾಕಿದ್ದೇನೆ, ನಿಮ್ಮ ಅಂಕಿ ಹಾಕಿ ತಿದ್ದಿಕೊಳ್ಳಿ. ಒಬ್ಬ ಶಿಕ್ಷಕಿಗೆ ತಿಂಗಳಿಗೆ 5,000 ಅಂದರೆ 9 ಜನಕ್ಕೆ 45,000. ಎಲ್ಲಾ ಕಡೆ ಓಡಾಡುವ ಮೇಲ್ವಿಚಾರಕಿಗೆ 14,000. ಪುಸ್ತಕ, ಲೈಟು, ಪೆಟ್ರೋಲು 8,000. ಆಡಿಟ್, ಫೀಸು, ಕಾಗದಕ್ಕೆ 3,000. ಒಟ್ಟು ತಿಂಗಳಿಗೆ 70,000. ವರ್ಷಕ್ಕೆ 8 ಲಕ್ಷ 40 ಸಾವಿರ. ಇದನ್ನು ಯಾರ ಮುಂದಾದರೂ ಹೇಳಿ ನೋಡಿ, 'ಅಯ್ಯೋ, ಅಷ್ಟೊಂದಾ?' ಅನ್ನುತ್ತಾರೆ. ಈಗ 225 ಮಕ್ಕಳಿಗೆ ಹಂಚಿ. ಒಂದು ಮಗುವಿಗೆ ತಿಂಗಳಿಗೆ ಹತ್ತಿರ ಹತ್ತಿರ 310 ರೂಪಾಯಿ. ಈ 310 ಎಲ್ಲರಿಗೂ ಅರ್ಥವಾಗುತ್ತದೆ. ಸಿಂಧನೂರಿನ ಅಕ್ಕಿ ವ್ಯಾಪಾರಿಗೂ ಅರ್ಥವಾಗುತ್ತದೆ, ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ ನಿಮ್ಮೂರ ಹುಡುಗನಿಗೂ ಅರ್ಥವಾಗುತ್ತದೆ. ಆಡಿಟ್ ಖರ್ಚನ್ನು, ಮೇಲ್ವಿಚಾರಕಿಯ ಪಗಾರವನ್ನು ಮುಚ್ಚಿಡಬೇಡಿ. 'ನಾವು ಎಲ್ಲಾ ಹಣವನ್ನೂ ಮಕ್ಕಳಿಗೇ ಕೊಡುತ್ತೇವೆ' ಎಂದು ಹೇಳಿಕೊಂಡ ಸಂಸ್ಥೆಗಳೇ ಕಾಗದದ ಕೆಲಸಕ್ಕೆ ಹಣವಿಲ್ಲದೆ ಬಿದ್ದಿವೆ. ನಿಮಗೆ ಆಗಿದ್ದೂ ಇದೇ ಅಲ್ವಾ?

ಕೊಡುವವರನ್ನು ಎಲ್ಲಿ ಹುಡುಕಬೇಕು? ಮೊದಲು ನಿಮ್ಮ ಹಳೆಯ ಹಾಜರಿ ಪುಸ್ತಕದಲ್ಲಿ. 16 ವರ್ಷದಲ್ಲಿ ನಿಮ್ಮಲ್ಲಿ ಕಲಿತು ಹೋದವರು ಈಗ ದುಡಿಯುತ್ತಿದ್ದಾರೆ. ಪೊಲೀಸ್, ನರ್ಸ್, ಮೆಕ್ಯಾನಿಕ್, ಅಂಗನವಾಡಿ ಕಾರ್ಯಕರ್ತೆ, ಏನಾದರೂ ಆಗಿರುತ್ತಾರೆ. ತಿಂಗಳಿಗೆ 100 ರೂಪಾಯಿ ಯುಪಿಐ ಆಟೋಪೇ ಮಾಡಿ ಎಂದು ಕೇಳಿ. 300 ಜನ ಒಪ್ಪಿದರೆ ತಿಂಗಳಿಗೆ 30,000. ನಿಮ್ಮ ಖರ್ಚಿನಲ್ಲಿ ನೂರಕ್ಕೆ ನಲವತ್ತು ಪಾಲಿಗಿಂತ ಜಾಸ್ತಿ ಅಲ್ಲೇ ಬಂತು. ಒಂದೇ ವರ್ಷದಲ್ಲಿ 300 ಆಗುವುದಿಲ್ಲ. ಮೊದಲ ವರ್ಷ 80 ಆದರೂ ನನಗೆ ಖುಷಿ. ಕಂಪನಿಯ ಹಣ ನಿಂತ ವರ್ಷ ಶಾಲೆಯ ದೀಪ ಆರದ ಹಾಗೆ ನೋಡಿಕೊಳ್ಳುವುದು ಈ ಹಣ.

'80ಜಿ ಇಲ್ಲದೆ ಯಾರು ಕೊಡುತ್ತಾರೆ?' ಎಂದು ನೀವು ಕೇಳಬಹುದು. ರೈತನಿಗೆ, ಹಮಾಲನಿಗೆ, ಸಣ್ಣ ಅಂಗಡಿಯವನಿಗೆ 80ಜಿ ಯಾಕೆ? ಪಗಾರದವರಲ್ಲೂ ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ 80ಜಿ ವಿನಾಯಿತಿ ಸಿಗುವುದೇ ಇಲ್ಲ. 100 ರೂಪಾಯಿ ಕೊಡುವವರು ತೆರಿಗೆ ನೋಡಿ ಕೊಡುವುದಿಲ್ಲ, ನಿಮ್ಮ ಮುಖ ನೋಡಿ ಕೊಡುತ್ತಾರೆ. ಆದರೆ ರಸೀದಿ ಕೊಡಲೇಬೇಕು. ಕಾರ್ಬನ್ ಹಾಕಿದ, ನಂಬರ್ ಅಚ್ಚಾದ ಪುಸ್ತಕ. ಹೆಸರು, ಊರು, ಫೋನ್ ನಂಬರ್ ಬರೆಯಿರಿ. 50 ರೂಪಾಯಿಗೂ ಬರೆಯಿರಿ. ಇದು ಮರ್ಯಾದೆಯ ಪ್ರಶ್ನೆ, ಕಾನೂನಿನ ಪ್ರಶ್ನೆಯೂ ಹೌದು. ಯಾರು ಕೊಟ್ಟರು ಎಂದು ದಾಖಲೆ ಇಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಶೇ. 30 ತೆರಿಗೆ ಬೀಳುತ್ತದೆ. ಒಂದು ಲಕ್ಷ ರೂಪಾಯಿ, ಇಲ್ಲವೇ ಒಟ್ಟು ದೇಣಿಗೆಯ ಶೇ. 5, ಇವೆರಡರಲ್ಲಿ ಯಾವುದು ದೊಡ್ಡದೋ ಅದೇ ಮಿತಿ. 80ಜಿ ಬಂದ ಮೇಲೆ, ವಿನಾಯಿತಿ ಬೇಕೆನ್ನುವವರಿಂದ 2,000 ರೂಪಾಯಿಗಿಂತ ಜಾಸ್ತಿ ನಗದು ತೆಗೆದುಕೊಳ್ಳಬೇಡಿ, ಅದಕ್ಕೆ ವಿನಾಯಿತಿ ಸಿಗುವುದಿಲ್ಲ. ದಾನಿಗಳ ಪಟ್ಟಿಯನ್ನು ಪ್ರತಿ ವರ್ಷ ಗಡುವಿನೊಳಗೆ ತೆರಿಗೆ ಇಲಾಖೆಗೆ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಫೀಸು.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ದೊಡ್ಡ ಸಂಸ್ಥೆಗಳು ಈಗ ನಮ್ಮ ಭಾಗಕ್ಕೆ ನೇರವಾಗಿ ಬಂದಿವೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ರಾಜ್ಯ ಸರ್ಕಾರದ ಜೊತೆ ಸೇರಿ ಶಾಲಾ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಕೆಲಸಕ್ಕೆ ಕೈಹಾಕಿತು. ಬಿಸಿಯೂಟವಂತೂ 2002ರಲ್ಲೇ 'ಅಕ್ಷರ ದಾಸೋಹ' ಎಂದು ಶುರುವಾಗಿದ್ದು ನಮ್ಮ ಉತ್ತರದ ಜಿಲ್ಲೆಗಳಲ್ಲಿ. ರಾಯಚೂರು 2018ರಿಂದ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. ಊಟ, ಬ್ಯಾಗು, ಪುಸ್ತಕ ಕೊಡುವುದರಲ್ಲಿ ಇವರ ಜೊತೆ ನೀವು ಓಡಬೇಕಾಗಿಲ್ಲ. ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಏನಿದೆ ಎಂದು ಯೋಚಿಸಿ.

ಒಂದು ಉದಾಹರಣೆ ಕೊಡುತ್ತೇನೆ. ಕುಷ್ಟಗಿ ಕಡೆಯ ಒಬ್ಬ ಸಂಜೆ ಶಾಲೆಯ ಶಿಕ್ಷಕಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದರು. ಸ್ಕೇಲ್ ಇಟ್ಟು ಗೆರೆ ಹೊಡೆದು ಆರು ಕಾಲಂ. ಮಗುವಿನ ಹೆಸರು. ಅಪ್ಪ ಅವ್ವ ಯಾವ ತಿಂಗಳು ಹೋದರು. ಎಲ್ಲಿಗೆ: ಬೆಂಗಳೂರು, ಪುಣೆ, ಗೋವಾ. ಮಗು ಜೊತೆಗೆ ಹೋಯಿತಾ, ಅಜ್ಜಿ ಹತ್ತಿರ ಉಳಿಯಿತಾ. ಯಾವಾಗ ವಾಪಸ್ ಬಂತು. ಬಂದ ಮೇಲೆ ಯಾವ ಪಾಠದಿಂದ ಶುರು ಮಾಡಬೇಕು. ಒಂದು ಸಾಲಿನಲ್ಲಿ 'ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಅಡುಗೆ ಇವಳೇ ಮಾಡುತ್ತಾಳೆ, 7 ಗಂಟೆ ನಂತರ ಬರಲಿ' ಎಂದು ಬರೆದಿತ್ತು. ಶಾಲೆಯ ಹಾಜರಿಯಲ್ಲಿ ಅದೇ ಹುಡುಗಿ ಬರೀ 'ಗೈರು'. ಯಾವ ಕಂಪನಿಯ ಕಂಪ್ಯೂಟರಿನಲ್ಲಿ ಆ ಒಂದು ಸಾಲು ಸಿಗುತ್ತದೆ ಹೇಳಿ?

ನಿಮ್ಮ 9 ಶಿಕ್ಷಕಿಯರ ತಲೆಯಲ್ಲಿ ಇದೇ ಮಾಹಿತಿ ಇದೆ. ಬರೆದಿಟ್ಟಿಲ್ಲ ಅಷ್ಟೆ. ಬರೆಯಿಸಿ. ಒಂದು ಹಂಗಾಮು ಮುಗಿಯುವಷ್ಟರಲ್ಲಿ 'ನಮ್ಮ 9 ಹಳ್ಳಿಯಲ್ಲಿ ಇಷ್ಟು ಮಕ್ಕಳು ಶಾಲೆ ಬಿಡುತ್ತಿದ್ದರು, ಇಷ್ಟು ಮಕ್ಕಳು ಉಳಿದರು' ಎಂದು ಹೇಳಲು ಬರುತ್ತದೆ. ಗುಳೆ ಹೋದವರ ಮಕ್ಕಳಿಗಾಗಿ ಬಿಇಒ ಕಚೇರಿಯಲ್ಲಿ ಸಮಗ್ರ ಶಿಕ್ಷಣದ ಹಂಗಾಮಿ ವಸತಿ ನಿಲಯ ಕೇಳಲು ಇದೇ ಆಧಾರ. ಕಂಪನಿಗೆ ತೋರಿಸಲು ಇದೇ ವರದಿ. ಆದರೆ ಮಕ್ಕಳ ಹೆಸರು, ಮನೆಯ ಕಷ್ಟ ಬರೆದದ್ದನ್ನು ಕಂಪನಿಯವರ ಕೈಗಾಗಲಿ ಕಚೇರಿಯವರ ಕೈಗಾಗಲಿ ಕೊಡಬೇಡಿ. ಅಂಕಿ ಮಾತ್ರ ಕೊಡಿ. ಫೋಟೋಗೂ ಅಪ್ಪ ಅವ್ವನ ಒಪ್ಪಿಗೆ ಬರೆಸಿಕೊಳ್ಳಿ. ಕೊಟ್ಟವರನ್ನು ಮೆಚ್ಚಿಸಲು ಮಗುವನ್ನು ಕೈಮುಗಿಸಿ ನಿಲ್ಲಿಸುವ ಫೋಟೋ ದಯವಿಟ್ಟು ಬೇಡ.

ಮುಚ್ಚಬೇಕಾ ಎಂದು ಕೇಳಿದಿರಿ. ಮುಚ್ಚಬೇಡಿ, ಚಿಕ್ಕದು ಮಾಡಿ. ಕಾಗದ ಸರಿಯಾಗುವವರೆಗೆ 9ನ್ನೂ ಎಳೆಯಲು ಹೋದರೆ ಎಲ್ಲವೂ ಸೊರಗುತ್ತವೆ. ಗುಳೆ ಜಾಸ್ತಿ ಇರುವ 5 ಊರು ಇಟ್ಟುಕೊಳ್ಳಿ. ಉಳಿದ 4 ಊರಿನಲ್ಲಿ ಪಂಚಾಯಿತಿಯ ಅರಿವು ಕೇಂದ್ರ ಹತ್ತಿರ ಇದೆಯಾ ನೋಡಿ. ಹಳೆಯ ಪಂಚಾಯಿತಿ ಲೈಬ್ರರಿಗಳೇ ಈಗ ಅರಿವು ಕೇಂದ್ರ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪಿಡಿಒ ಜೊತೆ ಕೂತು ಮಾತಾಡಿ, ಅಲ್ಲಿಯ ಗ್ರಂಥಪಾಲಕರ ಕೈಗೆ ನಿಮ್ಮ ಮಕ್ಕಳ ಹೆಸರಿನ ಪಟ್ಟಿ ಮಾತ್ರ ಕೊಡಿ, ವಾರಕ್ಕೊಮ್ಮೆ ಹೋಗಿ ನೋಡಿ. ತಾಂಡಾ ದೂರ ಇದ್ದು, ಕತ್ತಲಲ್ಲಿ ಹೆಣ್ಣುಮಕ್ಕಳು ನಡೆದು ಹೋಗಬೇಕು ಅಂದರೆ ಅದು ಆಗದ ಮಾತು. ಆ ಊರನ್ನು 5ರ ಪಟ್ಟಿಯಲ್ಲೇ ಇಟ್ಟುಕೊಳ್ಳಿ.

ಕೊನೆಗೆ ಬಾಕಿ ಪಗಾರ. ನಾಲ್ಕು ತಿಂಗಳಿಗೆ ಒಬ್ಬ ಶಿಕ್ಷಕಿಗೆ 20,000 ಅಂದುಕೊಂಡರೆ 9 ಜನಕ್ಕೆ 1 ಲಕ್ಷ 80 ಸಾವಿರ. ಅವರನ್ನೆಲ್ಲಾ ಒಂದೇ ದಿನ ಕರೆದು ಕೂರಿಸಿ. ಬ್ಯಾಂಕ್ ಪಾಸ್‌ಬುಕ್ಕನ್ನು ಅವರ ಮುಂದೆ ತೆರೆದಿಡಿ. ಯಾರಿಗೆ ಎಷ್ಟು ಬಾಕಿ ಎಂದು ಕಾಗದದಲ್ಲಿ ಬರೆದು ಸಹಿ ಮಾಡಿ ಕೈಗೆ ಕೊಡಿ. 'ಸೇವೆ ಅಂದುಕೊಳ್ಳಿ' ಎಂದು ಹೇಳಬೇಡಿ. ಅವರೂ ಅದೇ ಹಳ್ಳಿಯವರು. ಪಗಾರ ನಿಂತರೆ ಅವರ ಮನೆಯವರೂ ಗುಳೆ ಹೋಗಬೇಕಾಗುತ್ತದೆ. 4 ಕೇಂದ್ರ ಬಿಡುವ ಮಾತನ್ನೂ ಅದೇ ದಿನ, ಅವರ ಜೊತೆಗೇ ಆಡಿ. ಬರುವ ಮೊದಲ ದೇಣಿಗೆಯಿಂದ ಪ್ರತಿ ತಿಂಗಳೂ ಇಷ್ಟಿಷ್ಟು ತೀರಿಸುತ್ತೇವೆ ಎಂದು ಠರಾವು ಮಾಡಿ.

ಠರಾವು ಮಾಡಲು ಸಭೆ ಬೇಕು, ಸಭೆಗೆ ನೋಟಿಸ್ ಬೇಕು. ನಿಮ್ಮ ಬೈಲಾ ತೆಗೆದು ನೋಡಿ, ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಎಂದು ಅದರಲ್ಲೇ ಬರೆದಿರುತ್ತದೆ. ಟ್ರಂಕಿನ ತಳದಲ್ಲಿ, ನೋಂದಣಿ ಪತ್ರದ ಜೊತೆಗೇ ಪಿನ್ ಮಾಡಿಟ್ಟಿರುತ್ತಾರೆ.